ಶಿಲ್ಪ ಪ್ರಶ್ನೋತ್ತರ: ಊದೋನ್ ಕೆತ್ತಿದ ಮುಖಗಳು

ಪ್ರಶ್ನೆ: ಫ್ರೆಂಚ್ ಶಿಲ್ಪಿ ಊದೋನ್ ಮಾಡಿದ, ಲೇಖಕ ವಾಲ್ಟೇರ್‌ನ ಪ್ರತಿಮೆಯ ಫೋಟೊ ನೋಡಿದೆ. ಕಣ್ಣಿಗೆ ಬಣ್ಣವಿಲ್ಲ, ಆದರೂ ನೋಟವಿದೆ. ನಾನು ಮಣ್ಣಿನಲ್ಲಿ ಮಾಡಿದ ಕಣ್ಣು ಕುರುಡಾಗಿಯೇ ಕಾಣುತ್ತದೆ. ಯಾಕೆ?
– ಕಲಾ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬಣ್ಣದ ಕೆಲಸವನ್ನು ಅಲ್ಲಿ ನೆರಳು ಮಾಡುತ್ತದೆ. ಕಪ್ಪುಗುಡ್ಡೆಯ ವೃತ್ತವನ್ನು ಊದೋನ್ ಬಟ್ಟಲಿನಂತೆ ಒಳಕ್ಕೆ ಕೊರೆದ, ಪಾಪೆಯನ್ನು ಇನ್ನೂ ಆಳಕ್ಕಿಳಿಸಿದ, ಮೇಲಂಚಿನ ಬಳಿ ಒಂದು ಚಿಕ್ಕ ಮೊಳೆಯಷ್ಟು ಕಲ್ಲನ್ನು ಮಾತ್ರ ಹಾಗೇ ಬಿಟ್ಟ. ಕುಳಿ ಕಪ್ಪಾಗುತ್ತದೆ, ಮೊಳೆಯ ತುದಿ ಬೆಳಕು ಹಿಡಿಯುತ್ತದೆ. ಜೀವಂತ ಕಣ್ಣಿನ ಮಿಂಚು ಅದೇ.

ನೀವು ಬಹುಶಃ ಮುಖದ ಮೇಲೆಯೇ ಕಣ್ಣನ್ನು ಗೀರುತ್ತಿದ್ದೀರಿ. ನಿಜ ಅಳತೆಯ ಮುಖಕ್ಕೆ ಮೊದಲು ಸುಮಾರು 24 ಮಿ.ಮೀ. ವ್ಯಾಸದ ಮಣ್ಣಿನ ಗೋಲಿಯನ್ನು ಕಣ್ಣುಗುಳಿಯಲ್ಲಿ ಕೂರಿಸಿ. ರೆಪ್ಪೆಗಳನ್ನು ಬೇರೆ ಪಟ್ಟಿಗಳಾಗಿ ಅದರ ಮೇಲೆ ಹೊದಿಸಿ. ಮೇಲ್ರೆಪ್ಪೆ ತುಸು ಮುಂದೆ ಚಾಚಿರಲಿ, ಅದರ ನೆರಳು ಗೋಲಿಯ ಮೇಲೆ ಬೀಳಬೇಕು. ಕಪ್ಪುಗುಡ್ಡೆ ಸುಮಾರು 12 ಮಿ.ಮೀ. ಇರಲಿ, ಅದರ ಮೇಲಂಚು ರೆಪ್ಪೆಯಡಿ ಮರೆಯಾಗಬೇಕು. ಪೂರ್ತಿ ವೃತ್ತ ತೋರಿಸಿದರೆ ಮುಖ ಬೆಚ್ಚಿಬಿದ್ದಂತೆ ಕಾಣುತ್ತದೆ. ತೋಡುವುದನ್ನು ಮಣ್ಣು ಅರೆ ಒಣಗಿದ ಮೇಲೆ, ತಂತಿ ಸಲಕರಣೆಯಿಂದ ಮಾಡಿ. ಹಸಿಯಿದ್ದಾಗ ತೋಡಿದರೆ ಅಂಚು ಕುಸಿಯುತ್ತದೆ.

ಕೆಲಸ ಮಾಡುವಾಗ ದೀಪ ಒಂದು ಪಕ್ಕಕ್ಕೆ, ಮೇಲಿನಿಂದ ಓರೆಯಾಗಿ ಇರಲಿ. ಎದುರು ಬೆಳಕಿನಲ್ಲಿ ಎಷ್ಟು ಚೆನ್ನಾಗಿ ತೋಡಿದ ಕಣ್ಣೂ ಚಪ್ಪಟೆಯೇ. ಮತ್ತೊಂದು ಎಚ್ಚರಿಕೆ: ಈ ಮೊಳೆ ಗಟ್ಟಿ ಪ್ಲಾಸ್ಟರ್ ಅಚ್ಚಿನೊಳಗೆ ಸಿಕ್ಕಿಕೊಂಡು, ಅಚ್ಚು ಬಿಡಿಸುವಾಗ ಮುರಿಯುತ್ತದೆ. ರಬ್ಬರ್ ಅಚ್ಚು ಬಳಸಿ, ಇಲ್ಲವೇ ಎರಕ ಹೊರಬಂದ ಮೇಲೆ ಕಣ್ಣು ಕೊರೆಯಿರಿ.

ಪ್ರಶ್ನೆ: ಊದೋನ್ ಜಾರ್ಜ್ ವಾಷಿಂಗ್ಟನ್‌ನ ಮುಖಕ್ಕೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದಿದ್ದನಂತೆ. ಹಾಗಿದ್ದರೆ ಶಿಲ್ಪಿಯ ಕೈಗೆ ಉಳಿದದ್ದೇನು?
– ಓದುಗರು, ಮೈಸೂರು

ಉತ್ತರ: ಬಹಳಷ್ಟು ಉಳಿಯುತ್ತದೆ. 1785ರ ಅಕ್ಟೋಬರ್‌ನಲ್ಲಿ ಊದೋನ್ ಮೂವರು ಸಹಾಯಕರೊಂದಿಗೆ ಅಮೆರಿಕದಲ್ಲಿ ವಾಷಿಂಗ್ಟನ್‌ನ ಮನೆಯಾದ ಮೌಂಟ್ ವರ್ನನ್‌ಗೆ ಹೋಗಿ ಸುಮಾರು ಎರಡು ವಾರ ಇದ್ದ. ಮುಖದಚ್ಚು ತೆಗೆದ, ಮೈಯಳತೆ ತೆಗೆದುಕೊಂಡ, ಮಣ್ಣಿನ ಎದೆಮಟ್ಟದ ಪ್ರತಿಮೆಯನ್ನೂ ಮಾಡಿದ. ಆ ಪ್ರತಿಮೆ ಇಂದಿಗೂ ಅಲ್ಲೇ ಇದೆ. ಅಮೃತಶಿಲೆಯ ಪೂರ್ಣ ಪ್ರತಿಮೆ ರಿಚ್ಮಂಡ್‌ನ ವರ್ಜೀನಿಯಾ ಶಾಸನಭವನದಲ್ಲಿದೆ.

ಅಚ್ಚಿನಿಂದ ಸಿಗುವುದು ಮೂಗಿನುದ್ದ, ಗಲ್ಲದ ದೂರ, ಹಣೆಯ ಬಾಗು. ಅದರಲ್ಲಿ ಕಣ್ಣು ಮುಚ್ಚಿರುತ್ತದೆ. ಹಸಿ ಪ್ಲಾಸ್ಟರ್‌ನ ಭಾರಕ್ಕೆ ಕೆನ್ನೆ ಜೋತಿರುತ್ತದೆ, ಉಸಿರು ಬಿಗಿಹಿಡಿದು ತುಟಿ ಸೆಟೆದಿರುತ್ತದೆ. ಇವೆಲ್ಲವನ್ನೂ ಎದುರು ಕೂತ ವ್ಯಕ್ತಿಯನ್ನು ನೋಡುತ್ತಲೇ ಮತ್ತೆ ಕಟ್ಟಬೇಕು. ಚರ್ಮದಡಿಯ ಸ್ನಾಯು ಗೊತ್ತಿಲ್ಲದವರಿಗೆ ಅದು ಅಸಾಧ್ಯ. ರೋಮ್‌ನಲ್ಲಿದ್ದಾಗ, 1767ರಲ್ಲಿ, ಊದೋನ್ ಚರ್ಮ ಸುಲಿದ ಮನುಷ್ಯನ ಪೂರ್ಣಾಕೃತಿ ಮಾಡಿದ್ದ. ಅದರ ಪ್ರತಿಗಳನ್ನಿಟ್ಟುಕೊಂಡೇ ಎಷ್ಟೋ ಕಲಾಶಾಲೆಗಳು ಅಂಗರಚನೆ ಕಲಿಸಿವೆ.

ನೀವು ಮಾತ್ರ ಯಾರ ಮುಖಕ್ಕೂ ನೇರವಾಗಿ ಪ್ಲಾಸ್ಟರ್ ಮೆತ್ತಬೇಡಿ. ಗಟ್ಟಿಯಾಗುವಾಗ ಅದು ಬಿಸಿಯೇರುತ್ತದೆ, ದಪ್ಪ ಪದರವಾದರೆ ಚರ್ಮ ಸುಡುತ್ತದೆ. ಹಲ್ಲಿನ ವೈದ್ಯರು ಅಚ್ಚು ತೆಗೆಯಲು ಬಳಸುವ ಆಲ್ಜಿನೇಟ್ ಹಚ್ಚಿ, ಅದರ ಮೇಲೆ ಪ್ಲಾಸ್ಟರ್ ಬ್ಯಾಂಡೇಜ್ ಸುತ್ತುವುದು ಈಗಿನ ಕ್ರಮ. ಮೂಗಿನ ಹೊಳ್ಳೆ ತೆರೆದಿರಲಿ, ಅನುಭವಿಗಳು ಜೊತೆಗಿರಲಿ. ವ್ಯಕ್ತಿಯನ್ನು ಮಲಗಿಸದೆ ಕೂರಿಸಿದರೆ ಕೆನ್ನೆ ಕಿವಿಯ ಕಡೆಗೆ ಸರಿಯುವುದಿಲ್ಲ.

ಪ್ರಶ್ನೆ: ಊದೋನ್ ಹೆಸರಿನಲ್ಲಿ ಒಂದೇ ಮುಖದ ಪ್ರತಿಮೆ ಹಲವು ಮ್ಯೂಸಿಯಂಗಳಲ್ಲಿದೆ. ಎಲ್ಲವೂ ಅವನದೇ? ಹೀಗೆ ಮುಖಪ್ರತಿಮೆಯ ಪ್ರತಿಗಳನ್ನು ಮಾಡುವುದನ್ನೇ ನಂಬಿ ನಾನು ಬದುಕಬಹುದೇ?
– ಯುವ ಶಿಲ್ಪಿ, ಶಿರಸಿ

ಉತ್ತರ: ವಾಲ್ಟೇರ್ 1778ರಲ್ಲಿ, ಸಾಯುವ ಸ್ವಲ್ಪ ಮುಂಚೆ, ಊದೋನ್‌ನ ಎದುರು ಕೂತ. ಆ ಒಂದು ಮುಖವನ್ನೇ ವಿಗ್ ಹಾಕಿ, ಬೋಳುತಲೆಯಲ್ಲಿ, ರೋಮನ್ ಉಡುಗೆಯಲ್ಲಿ ಎಂದು ಹಲವು ರೂಪಗಳಲ್ಲಿ ಅವನ ಕಾರ್ಯಾಗಾರ ಹೊರತಂದಿತು. ಗಿರಾಕಿಗೆ ತಕ್ಕಂತೆ ಪ್ಲಾಸ್ಟರ್, ಸುಟ್ಟಮಣ್ಣು, ಅಮೃತಶಿಲೆ, ಕಂಚು. ಕೆಲವು ಪ್ರತಿಗಳ ಮೇಲೆ ಕಾರ್ಯಾಗಾರದ ಕೆಂಪು ಅರಗಿನ ಮುದ್ರೆಯೂ ಇದೆ. ಪ್ರತಿಗಳನ್ನು ಹೋಲಿಸಲು ಒಂದು ಸುಳಿವು: ಮಣ್ಣು ಒಣಗಿ ಸುಡುವಾಗ ಹತ್ತರಲ್ಲೊಂದು ಪಾಲಿನ ತನಕ ಕುಗ್ಗಬಲ್ಲದು, ಹಾಗಾಗಿ ಅದೇ ಅಚ್ಚಿನ ಸುಟ್ಟಮಣ್ಣಿನ ಪ್ರತಿ ಪ್ಲಾಸ್ಟರ್ ಪ್ರತಿಗಿಂತ ಚಿಕ್ಕದಿರುತ್ತದೆ.

ಬದುಕಬಹುದು, ಆದರೆ ಅಚ್ಚು ನಿಮ್ಮ ಕೈಯಲ್ಲಿರಬೇಕು. ಮುಂಗಡ ಪಡೆಯುವ ದಿನವೇ ಮೂರು ವಿಷಯ ಬರೆಸಿಕೊಳ್ಳಿ: ಅಚ್ಚು ಯಾರದು, ಎಷ್ಟು ಪ್ರತಿ ತೆಗೆಯಬಹುದು, ಮಣ್ಣಿನ ಮಾದರಿಗೆ ಪ್ರತಿಮೆ ಮಾಡಿಸುವ ಮನೆಯವರ ಒಪ್ಪಿಗೆ ಯಾವಾಗ. ಒಪ್ಪಿಗೆಯ ಸಹಿ ಬೀಳದೆ ಎರಕಕ್ಕೆ ಕಳಿಸಬೇಡಿ. ಕಂಚಿನಲ್ಲಿ ಮೂಗು ತಿದ್ದುವ ಖರ್ಚು ನಿಮ್ಮ ಮೇಲೆಯೇ ಬೀಳುತ್ತದೆ.