ಧರ್ಮದ ಹೆಸರಿನ ಹಿಂಸೆಯ ಬಗ್ಗೆ ಬರೆದ ಇತಿಹಾಸಕಾರರಿಗೆ ನಮ್ಮೂರಲ್ಲಿ ಸನ್ಮಾನ ಇದೆ. ಯಾರಿಗೂ ನೋವಾಗದ ಹಾಗೆ ಅಭಿನಂದನಾ ಭಾಷಣ ಮಾಡೋದು ಹೇಗೆ?

ಇಂಥದೇ ಒಂದು ಭಾಷಣ ನಾನೂ ಮಾಡಿದ್ದೆ. ಅದರ ಸಂಕಟ ಇನ್ನೂ ಹೋಗಿಲ್ಲ.

ಮಂಗಳೂರಿನಲ್ಲಿ ನಮ್ಮದೊಂದು ಚಿಕ್ಕ ಓದುಗರ ಬಳಗ ಇತ್ತು. ಅನಂತ ಕಾಕಬಾ ಪ್ರಿಯೋಳ್ಕರ್ ಅವರ ನೆನಪಿಗೆ ಒಂದು ಸಭೆ ಇಟ್ಟುಕೊಂಡೆವು. ಗೋವಾದ ಇನ್‌ಕ್ವಿಸಿಷನ್ ಬಗ್ಗೆ 1961ರಲ್ಲಿ ಪುಸ್ತಕ ಬರೆದವರು ಅವರು. ಪೋರ್ಚುಗೀಸರ ಆ ಧಾರ್ಮಿಕ ನ್ಯಾಯಾಲಯ 1560ರಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ನಿಂತು, 1812ಕ್ಕೆ ಮುಗಿಯಿತು. ಅದರ ಕಡತಗಳು ಬಹುಪಾಲು ನಾಶವಾಗಿದ್ದವು. ಅಳಿದುಳಿದ ಆಜ್ಞೆಗಳು, ಅಲ್ಲಿ ಸೆರೆಯಲ್ಲಿದ್ದ ಫ್ರೆಂಚ್ ವೈದ್ಯ ದೆಲ್ಲೋನ್ ಬರೆದಿಟ್ಟದ್ದು, ಇಂಥದನ್ನೆಲ್ಲ ಹುಡುಕಿ ತಂದು ಜೋಡಿಸಿದವರು ಪ್ರಿಯೋಳ್ಕರ್.

ಪರಿಚಯ ಭಾಷಣ ನನ್ನದು. ಪುಸ್ತಕ ಪೂರ್ತಿ ಓದಲಿಲ್ಲ. ಮೊದಲ ಕೆಲವು ಪುಟ ಓದಿ, ಎಲ್ಲೋ ಸಿಕ್ಕ ಒಂದು ಲೇಖನ ಸೇರಿಸಿ ಬರೆದುಕೊಂಡೆ. ಭಾಷಣದ ತುಂಬ 'ಅವರು' ಮತ್ತು 'ನಾವು'. ಅವರು ಹಿಂಸೆ ಕೊಟ್ಟವರು, ನಾವು ಅನುಭವಿಸಿದವರು. ಚಪ್ಪಾಳೆ ಜಾಸ್ತಿನೇ ಬಿತ್ತು.

ಎರಡನೇ ಸಾಲಿನಲ್ಲಿ ನನ್ನ ಪ್ರೈಮರಿ ಶಾಲೆಯ ಟೀಚರ್ ಕೂತಿದ್ದರು. ಕೊಂಕಣಿ ಕ್ರೈಸ್ತರು. ತೊಡೆಯ ಮೇಲೆ ನೀಲಿ ರಟ್ಟಿನ ಒಂದು ನೋಟ್‌ಬುಕ್. ಸಭೆ ಮುಗಿಯುವ ಮೊದಲೇ ಎದ್ದು ಹೋದರು.

ಕೆಲವು ತಿಂಗಳ ನಂತರ ಪುಸ್ತಕ ಪೂರ್ತಿ ಓದಿದೆ. ಅದರಲ್ಲಿ 1736ರ ಒಂದು ಆಜ್ಞೆ ಇದೆ. ಅಂಗಳದಲ್ಲಿ ತುಳಸಿ ಇಡಬಾರದು. ಉಪ್ಪು ಹಾಕದೆ ಅನ್ನ ಬೇಯಿಸಿ, ಆಮೇಲೆ ಉಪ್ಪು ಬೆರೆಸಿಕೊಳ್ಳಬಾರದು. ಮದುವೆಯಲ್ಲಿ ವೊವಿಯೊ ಅನ್ನೋ ಕೊಂಕಣಿ ಹಾಡು ಹಾಡಬಾರದು. ಇದೆಲ್ಲ ಯಾರಿಗೆ ಹೇಳಿದ್ದು ಗೊತ್ತಾ? ಮತಾಂತರಗೊಂಡ ಕ್ರೈಸ್ತರಿಗೆ! ಅವರ ಅಡುಗೆಮನೆಯೊಳಗೇ ಕೈಹಾಕಿದ್ದರು. ಇದಕ್ಕೆ ಹೆದರಿ, ಜೊತೆಗೆ ಯುದ್ಧ, ಕ್ಷಾಮಕ್ಕೂ ಸಿಕ್ಕಿ, ಗೋವಾ ಬಿಟ್ಟು ನಮ್ಮ ಕರಾವಳಿಗೆ ಬಂದವರಲ್ಲಿ ಟೀಚರ್ ಅವರ ಹಿರಿಯರೂ ಇದ್ದರು. ನನ್ನ 'ನಾವು' ಒಳಗೆ ಅವರಿಗೇ ಜಾಗ ಇರಲಿಲ್ಲ.

ಮನೆಗೆ ಹೋಗಿ ಕ್ಷಮೆ ಕೇಳಿದೆ. "ಕೂತ್ಕೋ ಮಗಾ" ಅಂದರು, ಚಹಾ ಕೊಟ್ಟರು. ನೋಟ್‌ಬುಕ್ ಏನು ಅಂತ ಕೇಳಿದೆ. ಅವರ ತಾಯಿ ಕನ್ನಡ ಲಿಪಿಯಲ್ಲಿ ಬರೆದಿಟ್ಟ ವೊವಿಯೊಗಳಂತೆ. ಅವತ್ತು ಕೊನೆಗೆ ಎರಡು ಹಾಡಿ ತೋರಿಸೋಣ ಅಂತ ತಂದಿದ್ದರಂತೆ. ನಾನು ಕೇಳೋ ಹೊತ್ತಿಗೆ ಆ ನೋಟ್‌ಬುಕ್ ಅವರ ಮಗನ ಜೊತೆ ಕೆನಡಾಕ್ಕೆ ಹೋಗಿತ್ತು. ಟೀಚರ್ ಈಗಿಲ್ಲ. ಆ ಹಾಡು ನಾನು ಕೇಳಲೇ ಇಲ್ಲ.

ಹಾಗಾಗಿ 'ಯಾರಿಗೂ ನೋವಾಗದ ಹಾಗೆ' ಅನ್ನೋದನ್ನು ಬಿಡಿ. ಹಿಂಸೆಯ ಬಗ್ಗೆ ಬರೆದವರನ್ನು ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಸುಮ್ನೆ 'ಸೌಹಾರ್ದದ ಹರಿಕಾರ' ಅಂದರೆ ಅದು ಅವರಿಗೆ ಮಾಡೋ ಅವಮಾನ. ಅವರ ಪುಸ್ತಕ ಕೊನೆಯ ಪುಟದವರೆಗೂ ಓದಿ. ಯಾರು, ಯಾವ ವರ್ಷ, ಯಾರಿಗೆ, ಏನು ಮಾಡಿದರು ಅಂತ ಅವರು ಬರೆದ ಹಾಗೇ ಹೇಳಿ. ಭಾಷಣ ಹತ್ತು ನಿಮಿಷಕ್ಕೆ ಮುಗಿಸಿ, ಮೈಕನ್ನು ಸಭೆಯಲ್ಲಿ ಕೂತವರ ಕೈಗೆ ಕೊಡಿ. ಯಾರಾದರೂ ನೋಟ್‌ಬುಕ್ ಹಿಡಿದು ಬಂದಿರಬಹುದು.