ಮಗ ಯಾಟ್ ಬುಕ್ ಮಾಡ್ತಾನಂತೆ, ಹೋಗೋದಾ?

ನಾನು ಹೊನ್ನಾವರದವಳು. ಇಪ್ಪತ್ತೆರಡು ವರ್ಷದಿಂದ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿದ್ದೇನೆ. ಶನಿವಾರ, ಭಾನುವಾರ ಗಾಳಿ ಸರಿಯಿದ್ದರೆ ಹಾಯಿದೋಣಿಯ ಮೇಲೆ, ಇಲ್ಲದಿದ್ದರೆ ಮನೆಯಲ್ಲಿ ಕೂತು ದೋಣಿಯ ಮಾತು. ಹೀಗಾಗಿ ಪತ್ರಿಕೆಯವರು ಈ ಕಡಲಿನ ಪ್ರಶ್ನೆಗಳನ್ನೆಲ್ಲ ನನ್ನ ಕಡೆ ತಳ್ಳಿದ್ದಾರೆ. ಮೊದಲನೆಯ ಪತ್ರಕ್ಕೇ ಜಾಸ್ತಿ ಜಾಗ ಹೋಗಿದೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನನ್ನ ಮಗ ರೆಡಿಂಗ್‌ನಲ್ಲಿ ಕೆಲಸದಲ್ಲಿದ್ದಾನೆ. ನಮ್ಮ ಮದುವೆಯ 40ನೇ ವರ್ಷಕ್ಕೆ ಜೂನ್‌ನಲ್ಲಿ ಒಂದು ವಾರ ಐಷಾರಾಮಿ ಹಾಯಿ ಯಾಟ್ ಬಾಡಿಗೆಗೆ ಹಿಡಿಯುತ್ತಾನಂತೆ. ಸೌತಾಂಪ್ಟನ್‌ನಿಂದ ಹೊರಟು ಕೌಸ್, ಪೂಲ್, ಲಲ್ವರ್ತ್, ಲೈಮ್ ರೀಜಿಸ್, ಡಾರ್ಟ್‌ಮತ್, ಸಾಲ್ಕಂ, ಕೊನೆಗೆ ಫಾಲ್ಮತ್. ದಿನಕ್ಕೊಂದು ಊರು. ನಮಗಿಬ್ಬರಿಗೂ ಈಜು ಬಾರದು. ಸಸ್ಯಾಹಾರಿಗಳು. ಹೋಗಬಹುದಾ?
— ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಹೋಗಿ ಮೇಷ್ಟ್ರೇ, ಖಂಡಿತ ಹೋಗಿ. ಆದರೆ ಆ ಪಟ್ಟಿಯನ್ನು ಮಾತ್ರ ಹರಿದು ಹಾಕಿ.

ನಿಮ್ಮ ಮಗ ಅದನ್ನು ರೈಲ್ವೆ ಟೈಮ್‌ಟೇಬಲ್ ತರಹ ಬರೆದಿದ್ದಾರೆ. ಹಾಯಿ ಯಾಟ್ ಐದಾರು ನಾಟ್ ವೇಗದಲ್ಲಿ ಹೋಗುತ್ತದೆ, ಅಂದರೆ ಗಂಟೆಗೆ ಹತ್ತು ಕಿಲೋಮೀಟರ್. ನೀವು ಸ್ಕೂಲಿಗೆ ಸೈಕಲ್ ತುಳಿದ ವೇಗ. ಅದರ ಮೇಲೆ ಈ ಕರಾವಳಿಯಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ನಿಮ್ಮ ಪ್ರಯಾಣ ಪೂರ್ತಿ ಪಶ್ಚಿಮಕ್ಕೆ, ಗಾಳಿಯ ಮುಖಕ್ಕೇ. ಹಾಯಿದೋಣಿ ಗಾಳಿಗೆ ನೇರ ಹೋಗಲಾರದು. ಘಾಟಿಯ ರಸ್ತೆಯಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಂಕುಡೊಂಕಾಗಿಯೇ ಹೋಗಬೇಕು. ಮ್ಯಾಪಿನಲ್ಲಿ 20 ಮೈಲಿ ಕಂಡದ್ದು ನೀರಿನಲ್ಲಿ 30 ಆಗುತ್ತದೆ. ಇನ್ನೊಂದು, ಬಾಡಿಗೆ ಯಾಟನ್ನು ಸಾಮಾನ್ಯವಾಗಿ ಹೊರಟ ಜಾಗಕ್ಕೇ ವಾಪಸ್ ತಂದೊಪ್ಪಿಸಬೇಕು. ಫಾಲ್ಮತ್‌ನಿಂದ ಅದನ್ನು ಯಾರು ತರುತ್ತಾರೆ, ಯಾರ ದುಡ್ಡಲ್ಲಿ, ಅಂತ ಮಗನನ್ನು ಕೇಳಿ ನೋಡಿ.

ಗಾಳಿಗಿಂತ ದೊಡ್ಡ ಯಜಮಾನ ಉಬ್ಬರ-ಇಳಿತ. ನಮ್ಮ ಹೊನ್ನಾವರದಲ್ಲಿ ನೀರು ಏರಿಳಿಯುವುದು ಆಳೆತ್ತರದ ಆಚೀಚೆ. ಡಾರ್ಟ್‌ಮತ್‌ನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಸಮಯಕ್ಕೆ 4 ಮೀಟರಿಗೂ ಜಾಸ್ತಿ. ಅಷ್ಟು ನೀರು ದಿನಕ್ಕೆರಡು ಸಲ ಬಂದು ಹೋಗಬೇಕಲ್ಲ, ಹಾಗಾಗಿ ಕಡಲೇ ಹೊಳೆಯಂತೆ ಹರಿಯುತ್ತದೆ. ಸೌತಾಂಪ್ಟನ್ನಿಗೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವಿನ ಸೋಲೆಂಟ್ ಎಂಬ ಜಲಸಂಧಿ ಪಶ್ಚಿಮದ ತುದಿಯಲ್ಲಿ ಕಿರಿದಾಗುತ್ತದೆ. ಅಲ್ಲಿ ಎಂಟನೇ ಹೆನ್ರಿ ಕಟ್ಟಿಸಿದ ಹರ್ಸ್ಟ್ ಕೋಟೆ ಇದೆ. ಆ ಕೋಟೆಯ ಮುಂದೆ ನೀರು 4 ನಾಟ್‌ವರೆಗೂ ಓಡುತ್ತದೆ.

ಇದನ್ನು ಕಲಿತದ್ದು ಪುಸ್ತಕದಿಂದಲ್ಲ. ಮೊದಲ ವರ್ಷ ಐಲ್ ಆಫ್ ವೈಟ್‌ನ ಯಾರ್ಮತ್ ಬಂದರಿನಿಂದ ಬೆಳಿಗ್ಗೆ 7ಕ್ಕೆ ಇಳಿತದ ಜೊತೆ ಹೊರಡಬೇಕಿತ್ತು. ನಮ್ಮ ಮನೆಯವರಿಗೆ ದೋಸೆ ಬೇಕಾಯಿತು. ಒಂದಾದ ಮೇಲೆ ಒಂದು ಹೊಯ್ದು, ಪಾತ್ರೆ ತೊಳೆದು ಹಗ್ಗ ಬಿಚ್ಚುವಷ್ಟರಲ್ಲಿ ನೀರು ತಿರುಗಿತ್ತು. ಎಂಜಿನ್ ಪೂರ್ತಿ ಕೊಟ್ಟು ಒಂದು ಗಂಟೆ ಓಡಿಸಿದೆವು. ಬಲಗಡೆ ಹರ್ಸ್ಟ್ ಕೋಟೆ ಇತ್ತು. ಒಂದು ಗಂಟೆ ಆದ ಮೇಲೂ ಬಲಗಡೆ ಹರ್ಸ್ಟ್ ಕೋಟೆಯೇ ಇತ್ತು. ಕೋಟೆಯ ಮೇಲಿನವರೊಬ್ಬರು ನಮಗೆ ಎರಡು ಸಲ ಕೈ ಬೀಸಿದರು, ಎರಡನೇ ಸಲ ಪಾಪ ಅನ್ನಿಸಿ ಇರಬೇಕು. ಕೊನೆಗೆ ಮೂತಿ ತಿರುಗಿಸಿ ವಾಪಸ್ ಯಾರ್ಮತ್‌ಗೆ ಬಂದೆವು, ಹತ್ತೇ ನಿಮಿಷದಲ್ಲಿ.

ಹಾಗಾದರೆ ಏನು ಮಾಡಬೇಕು? ಲಲ್ವರ್ತ್ ದಾಟಿ ಸಿಗುವ ವೇಮತ್ ಊರಿನವರೆಗೆ ಹೋಗಿ ವಾಪಸ್ ಬನ್ನಿ. ಅಷ್ಟೇ. ಅದರಾಚೆ ಪೋರ್ಟ್‌ಲ್ಯಾಂಡ್ ಬಿಲ್ ಎಂಬ ಮೂಗು ಕಡಲಿಗೆ ಚಾಚಿಕೊಂಡಿದೆ. ಅದರ ತುದಿಯಲ್ಲಿ ನೀರು ಕುದಿಯುವ ಹಂಡೆಯಂತೆ ಏಳುತ್ತದೆ. ಬಂಡೆಯ ಅಂಚಿಗೂ ಆ ಕುದಿತಕ್ಕೂ ಮಧ್ಯೆ ಒಂದು ಸಣ್ಣ ಪಟ್ಟಿ ಇದೆ, ಸರಿಯಾದ ಹೊತ್ತಿಗೆ ಹೋದರೆ ಅಲ್ಲಿ ನುಸುಳಬಹುದು. ಹೊತ್ತು ತಪ್ಪಿದರೆ ಪೋರ್ಟ್‌ಲ್ಯಾಂಡಿನ ಎರಡೂ ಬದಿಯಿಂದ ದಕ್ಷಿಣಕ್ಕೆ ಹರಿಯುವ ನೀರೇ ದೋಣಿಯನ್ನು ಕುದಿತದೊಳಕ್ಕೆ ಎಳೆದುಕೊಂಡು ಹೋಗುತ್ತದೆ. ಅದು ಬೇಡ ಎಂದರೆ ಮೂರರಿಂದ ಐದು ಮೈಲಿ ಹೊರಗೆ ಸುತ್ತಬೇಕು. ಆಮೇಲೆ ಲೈಮ್ ಕೊಲ್ಲಿ, ದಡ ದೂರವಾಗಿ ಸುಮಾರು 40 ನಾಟಿಕಲ್ ಮೈಲಿ. ಮದುವೆ ವಾರ್ಷಿಕೋತ್ಸವಕ್ಕೆ ಇದೆಲ್ಲ ಯಾಕೆ? ಲೈಮ್ ರೀಜಿಸ್‌ನ ಪುಟ್ಟ ಬಂದರಂತೂ ಇಳಿತಕ್ಕೆ ಒಣಗಿ ಕೆಸರಾಗುತ್ತದೆ. ತಳದಡಿ ಆಳಕ್ಕೆ ಚಾಚಿದ ಅಡಿಗಟ್ಟಿನ ಯಾಟ್ ಅಲ್ಲಿ ನಿಲ್ಲಲಾರದು, ಮಗ್ಗುಲಿಗೆ ಬೀಳುತ್ತದೆ.

ಈ ಚಿಕ್ಕ ದಾರಿಯಲ್ಲೇ ನೋಡುವುದು ಬೇಕಾದಷ್ಟಿದೆ. ದ್ವೀಪದ ತುದಿಯಲ್ಲಿ ನೀಡಲ್ಸ್ ಎಂಬ ಬಿಳಿ ಸುಣ್ಣದ ಕಂಬಗಳು, ಕೊನೆಯ ಬಂಡೆಗೆ ಅಂಟಿಕೊಂಡಂತೆ 1859ರ ದೀಪಸ್ತಂಭ. ಅಲ್ಲಿಂದ ಪಶ್ಚಿಮಕ್ಕೆ ನೋಡಿದರೆ ದೂರದಲ್ಲಿ ಇನ್ನೊಂದು ಬಿಳಿ ಚುಕ್ಕೆ. ಅದು ಓಲ್ಡ್ ಹ್ಯಾರಿ ರಾಕ್ಸ್. ಒಂದು ಕಾಲದಲ್ಲಿ ಎರಡೂ ಒಂದೇ ಸುಣ್ಣದ ಬೆಟ್ಟಸಾಲು, ನಡುವಿನದನ್ನು ಕಡಲು ತಿಂದಿದೆ. ಮೂರು-ನಾಲ್ಕು ಗಂಟೆ ನೀವು ಸಾಗುವುದು ಆ ತಿಂದುಹೋದ ಬೆಟ್ಟದ ಮೇಲೆಯೇ. ಓಲ್ಡ್ ಹ್ಯಾರಿಯಿಂದ ಜುರಾಸಿಕ್ ಕೋಸ್ಟ್ ಶುರು. 95 ಮೈಲಿ ಉದ್ದ, 18.5 ಕೋಟಿ ವರ್ಷಗಳ ಕಲ್ಲಿನ ಕಥೆ, 2001ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಪೂಲ್ ಬಂದರಿನೊಳಗೆ ಬ್ರೌನ್‌ಸೀ ದ್ವೀಪವಿದೆ. ಮೇಷ್ಟ್ರೇ, ನೀವು ಶಾಲೆಯಲ್ಲಿ ಸ್ಕೌಟ್ಸ್ ನಡೆಸಿದ್ದರೆ ಅಲ್ಲಿ ಇಳಿಯಲೇಬೇಕು. ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ 20 ಹುಡುಗರನ್ನು ಕಟ್ಟಿಕೊಂಡು ಮೊದಲ ಶಿಬಿರ ಹಾಕಿದ್ದು ಅಲ್ಲೇ. ಕೆಂಪು ಅಳಿಲುಗಳೂ ಇವೆ, ಇಂಗ್ಲೆಂಡಿನ ಬೇರೆ ಕಡೆ ಅವು ಅಪರೂಪ. ಆಮೇಲೆ ಲಲ್ವರ್ತ್ ಕೋವ್, ಕುದುರೆ ಲಾಳದಂತೆ ಕಡಲು ಕೊರೆದ ಕೊಲ್ಲಿ. ಹವೆ ಶಾಂತವಿದ್ದರೆ ಮಧ್ಯಾಹ್ನ ಲಂಗರು ಹಾಕಿ ಬುತ್ತಿ ಬಿಚ್ಚಿ. ರಾತ್ರಿಗೆ ಬೇಡ, ದಕ್ಷಿಣದ ಅಲೆ ಒಳಗೆ ನುಗ್ಗಿದರೆ ತೊಟ್ಟಿಲಾಗುತ್ತದೆ. ಪಕ್ಕದಲ್ಲೇ ಡರ್ಡಲ್ ಡೋರ್ ಕಲ್ಲಿನ ಕಮಾನು. ದಡದಿಂದ ನೋಡುವವರು ಸಾವಿರಾರು, ಕಡಲಿನಿಂದ ನೋಡುವವರು ಬೆರಳೆಣಿಕೆ. ಒಂದು ಎಚ್ಚರ: ಅಲ್ಲಿನ ಗುಡ್ಡದ ಮೇಲೆ ಸೇನೆಯವರು ಟ್ಯಾಂಕ್ ಗುಂಡು ಅಭ್ಯಾಸ ಮಾಡುತ್ತಾರೆ, ಕಡಲಿನ ಕಡೆಗೂ. ವಾರದ ದಿನಗಳಲ್ಲಿ ಕಾವಲು ದೋಣಿ ಬಂದು ದೂರ ಹೋಗಿ ಅನ್ನುತ್ತದೆ. ವೇಳಾಪಟ್ಟಿ ಮೊದಲೇ ಸಿಗುತ್ತದೆ, ನೋಡಿಕೊಂಡೇ ದಿನ ಗೊತ್ತು ಮಾಡಿ.

ವೇಮತ್‌ನಲ್ಲಿ ಎರಡು ರಾತ್ರಿ ಇರಿ. 2012ರ ಒಲಿಂಪಿಕ್ಸ್‌ನ ಹಾಯಿ ಸ್ಪರ್ಧೆ ನಡೆದ ಊರು. ಜನ ಜಾಸ್ತಿಯಾದಾಗ ಅಲ್ಲಿ ದೋಣಿಗಳನ್ನು ದಕ್ಕೆಗೆ ಒಂದರ ಮಗ್ಗುಲಿಗೆ ಒಂದರಂತೆ ಕಟ್ಟುತ್ತಾರೆ. ಹೊರಗಿನ ದೋಣಿಯವರು ದಡಕ್ಕೆ ಹೋಗಬೇಕಾದರೆ ಉಳಿದವರ ದೋಣಿಯ ಮೇಲೆಯೇ ನಡೆಯಬೇಕು. ಮುಂಭಾಗದಿಂದ ದಾಟುವುದು ಮರ್ಯಾದೆ, ಅವರು ಕೂತು ಊಟ ಮಾಡುವ ಹಿಂಭಾಗದಿಂದಲ್ಲ. ನಮ್ಮ ಆಯಿ ಬಂದಾಗ ಒಂಬತ್ತು ಗಜದ ಸೀರೆಯಲ್ಲಿ ಐದು ದೋಣಿ ದಾಟಿದ್ದರು, ಪ್ರತಿ ದೋಣಿಗೂ ಕೈ ಮುಗಿದು. ಮೂರನೆಯ ದೋಣಿಯ ಅಜ್ಜ ಎದ್ದು ನಿಂತು ಟೋಪಿ ತೆಗೆದರು.

ಈಜಿನ ಚಿಂತೆ ಬಿಡಿ. ಜೂನ್‌ನಲ್ಲೂ ನೀರು 15 ಡಿಗ್ರಿಯ ಹತ್ತಿರ, ಈಜು ಬಂದವರೂ ಬಿದ್ದರೆ ಉಸಿರು ಕಟ್ಟಿ ಒದ್ದಾಡುತ್ತಾರೆ. ಆದ್ದರಿಂದ ಮೇಲೆ ಬಂದಾಗಲೆಲ್ಲ ಲೈಫ್‌ಜಾಕೆಟ್. ನೀರಿಗೆ ತಾಗಿದರೆ ತಾನೇ ಉಬ್ಬಿಕೊಳ್ಳುತ್ತದೆ. ವಾಕರಿಕೆಗೆ ಮಾತ್ರೆ ಬೇಕಾದರೆ ನಿಮ್ಮ ಡಾಕ್ಟರನ್ನು ಕೇಳಿ, ಹೊರಡುವ ಮೊದಲೇ ತಗೊಳ್ಳಿ. ಒಳಗೆ ಮಲಗಬೇಡಿ, ಹೊರಗೆ ಕೂತು ದೂರದ ದಿಗಂತ ನೋಡಿ. ಚುಕ್ಕಾಣಿ ಹಿಡಿದವರಿಗೆ ವಾಕರಿಕೆ ಕಡಿಮೆ, ಕೇಳಿ ಹಿಡಿದುಕೊಳ್ಳಿ!

ಊಟಕ್ಕೆ ಕುಕ್ಕರ್ ಒಂದು, ಅವಲಕ್ಕಿ ಎರಡು ಕೆ.ಜಿ., ಚಟ್ನಿಪುಡಿ. ಒಗ್ಗರಣೆ ಬಂದರಿನಲ್ಲಿ ಮಾತ್ರ, ಕಿಟಕಿ ತೆಗೆದು. ದೋಣಿಯ ಸಣ್ಣ ಕೋಣೆಯಲ್ಲಿ ಒಣಮೆಣಸಿನ ಘಾಟು ಎದ್ದರೆ ದೋಣಿ ನಡೆಸುವ ಸ್ಕಿಪ್ಪರ್ ಕಡಲಿಗೇ ಹಾರಿಯಾರು. ಅಡುಗೆ ಮುಗಿದ ಕೂಡಲೇ ಗ್ಯಾಸನ್ನು ಸಿಲಿಂಡರಿನಲ್ಲೇ ಬಂದ್ ಮಾಡಬೇಕು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ.

ಮಗ ಐಷಾರಾಮ ಅಂದರೆ ಏನು ಅಂದುಕೊಂಡಿದ್ದಾರೋ ಗೊತ್ತಿಲ್ಲ. ಶಾಂಪೇನ್, ತೇಗದ ಹಲಗೆ ಎಲ್ಲ ಬ್ರೋಷರಿನಲ್ಲಿರುತ್ತದೆ. ನನ್ನ ಕೇಳಿದರೆ ದೊಡ್ಡ ದೋಣಿಗೆ ಸುರಿಯುವ ದುಡ್ಡನ್ನು ಒಳ್ಳೆಯ ಸ್ಕಿಪ್ಪರ್‌ಗೆ ಕೊಡಿ. ನಮ್ಮ ಕಡೆಯ ತಾಂಡೇಲ ಇದ್ದ ಹಾಗೆ, ಇವತ್ತು ಬೇಡ ಅಂದರೆ ಬೇಡ. ಅಂಥ ದಿನ ದಡದಲ್ಲಿ ಕೂತು ಟೀ ಕುಡಿಯಲು ನಿಮಗೆ ಪುರುಸೊತ್ತು ಇರಬೇಕು. ಜೂನ್‌ನಲ್ಲಿ ಬೆಳಕು ರಾತ್ರಿ ಒಂಬತ್ತೂವರೆವರೆಗೂ ಇರುತ್ತದೆ, ಅವಸರ ಏನಿದೆ?

ಡಾರ್ಟ್‌ಮತ್ ನೋಡಲೇಬೇಕು ಎಂದಿದ್ದರೆ ರೆಡಿಂಗ್‌ನಿಂದ ಟಾಟ್ನೆಸ್‌ಗೆ ರೈಲಿದೆ. ಅಲ್ಲಿಂದ ಡಾರ್ಟ್‌ಮತ್‌ವರೆಗಿನ ಡಾರ್ಟ್ ನದಿಯನ್ನು ಪ್ರವಾಸಿ ದೋಣಿಯಲ್ಲಿ ಒಂದು ಮಧ್ಯಾಹ್ನ ನೋಡಬಹುದು. ಅಗಾಥಾ ಕ್ರಿಸ್ಟಿಯ ಗ್ರೀನ್‌ವೇ ಮನೆ ಅದೇ ದಡದಲ್ಲಿದೆ. ಆ ಡೆವನ್ ಜಿಲ್ಲೆಯಲ್ಲಿ ಸ್ಕೋನ್ ಎಂಬ ಬನ್ನಿನಂಥ ತಿಂಡಿ ತಿಂದರೆ ಕೆನೆ ಮೊದಲು, ಜಾಮ್ ಮೇಲೆ. ಪಕ್ಕದ ಕಾರ್ನ್‌ವಾಲ್‌ನಲ್ಲಿ ತಿರುಗಾಮುರುಗಾ. ಸ್ಕೋನ್‌ಗೆ ಮೊಟ್ಟೆ ಹಾಕಿದ್ದಾರಾ ಅಂತ ಕೇಳಿಕೊಳ್ಳಿ.

ಪ್ರಶ್ನೆ: ನಾವಿಬ್ಬರೂ ಗೋವಾದಲ್ಲಿ ಎರಡು ಸಲ ಹಾಯಿದೋಣಿ ಓಡಿಸಿದ್ದೇವೆ. ಸ್ಕಿಪ್ಪರ್ ಇಲ್ಲದೆ ನಾವೇ ಯಾಟ್ ಹಿಡಿದರೆ ಖರ್ಚು ಉಳಿಯುತ್ತದಲ್ವಾ? ಲೈಸೆನ್ಸ್ ಬೇಕಾ?
— ದಂಪತಿ, ಬೆಂಗಳೂರು

ಉತ್ತರ: ಇಂಗ್ಲೆಂಡಿನಲ್ಲಿ ಖುಷಿಗಾಗಿ ಸ್ವಂತ ದೋಣಿ ಓಡಿಸಲು ಕಾನೂನು ಲೈಸೆನ್ಸ್ ಕೇಳುವುದಿಲ್ಲ. ಬಾಡಿಗೆ ಕೊಡುವವರು ಕೇಳುತ್ತಾರೆ. ಆರ್‌ವೈಎ ಎಂಬ ಬ್ರಿಟನ್ನಿನ ಹಾಯಿದೋಣಿ ಸಂಸ್ಥೆಯ ಡೇ ಸ್ಕಿಪ್ಪರ್ ಸರ್ಟಿಫಿಕೇಟ್, ಜೊತೆಗೆ ಎಷ್ಟು ಮೈಲಿ ಓಡಿಸಿದ್ದೀರಿ ಎಂಬ ಲೆಕ್ಕ. ಎರಡು ಸಲ ಅಂದರೆ ನಯವಾಗಿ ಬಾಗಿಲು ತೋರಿಸುತ್ತಾರೆ. ತೋರಿಸಲಿ, ಒಳ್ಳೆಯದೇ. ಸೋಲೆಂಟ್‌ನಲ್ಲಿ 150 ಮೀಟರ್ ಮೀರಿದ ಹಡಗು ಬಂದರೆ ಅದರ ಮುಂದೆ 1,000 ಮೀಟರ್, ಎರಡು ಪಕ್ಕ 100 ಮೀಟರ್ ಖಾಲಿ ಬಿಡಬೇಕೆಂಬ ನಿಯಮವಿದೆ. ಹತ್ತು ಮಹಡಿಯ ಕ್ರೂಸ್ ಹಡಗು ತಿರುಗುವುದನ್ನು ನೋಡುತ್ತ, ಉಬ್ಬರದ ಲೆಕ್ಕ ಹಾಕುತ್ತ, ಹಾಯಿಯನ್ನೂ ಸಂಭಾಳಿಸುವುದು ಹನಿಮೂನ್ ಕೆಲಸವಲ್ಲ.

ಖರ್ಚು ಉಳಿಸಬೇಕಾದರೆ ತಿಂಗಳು ಬದಲಿಸಿ. ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ಶಾಲೆಗೆ ರಜೆ, ಬಾಡಿಗೆ ಏರಿರುತ್ತದೆ. ಸೆಪ್ಟೆಂಬರ್ ಮೊದಲ ವಾರ ಕಡಿಮೆ, ನೀರೂ ಆಗ ಜೂನ್‌ಗಿಂತ ಬೆಚ್ಚಗೆ. ಬಾಡಿಗೆಯ ಮೇಲೆ ಡೀಸೆಲ್, ಠೇವಣಿ, ಪ್ರತಿ ರಾತ್ರಿ ದೋಣಿಯ ಉದ್ದ ಅಳೆದು ಹಾಕುವ ಬಂದರು ಶುಲ್ಕ, ಸ್ಕಿಪ್ಪರ್‌ನ ಊಟ ಇವೆಲ್ಲ ಬೇರೆ. ಬುಕ್ ಮಾಡುವ ಮುಂಚೆ ಬರೆದು ಕೇಳಿ.

ಪ್ರಶ್ನೆ: ಕೇಳಲು ಸಂಕೋಚ. ಯಾಟ್‌ನಲ್ಲಿ ಟಾಯ್ಲೆಟ್ ಹೇಗೆ?
— ಗೃಹಿಣಿ, ಮೈಸೂರು

ಉತ್ತರ: ಎಲ್ಲರಿಗೂ ಬೇಕಾದ ಪ್ರಶ್ನೆ ನೀವೊಬ್ಬರೇ ಕೇಳಿದಿರಿ. ಬೀರುವಿನಷ್ಟು ಜಾಗ. ಪಕ್ಕದಲ್ಲಿ ಕೈಪಂಪು, ಹದಿನೈದು ಇಪ್ಪತ್ತು ಸಲ ಒತ್ತಬೇಕು. ಹೊಟ್ಟೆಗೆ ಹೋಗಿ ಬಂದದ್ದನ್ನು ಬಿಟ್ಟು ಬೇರೇನೂ ಅದರೊಳಗೆ ಹಾಕುವಂತಿಲ್ಲ, ಹೆಚ್ಚಿನ ದೋಣಿಗಳಲ್ಲಿ ಕಾಗದವೂ ಬೇಡ. ಪೈಪು ಕಟ್ಟಿಕೊಂಡರೆ ಬಿಚ್ಚುವುದು ನೀವೇ. ನಮಗೆ ನೀರಿನ ಅಭ್ಯಾಸ, ಹಾಗಾಗಿ ಒಂದು ಚೊಂಬು ಕೊಂಡೊಯ್ದರೆ ಇಂಗ್ಲಿಷರಿಗಿಂತ ನಾವೇ ಆರಾಮ. ಸ್ನಾನಕ್ಕೆ ಬಂದರಿನಲ್ಲಿ ಬಿಸಿನೀರಿನ ಷವರ್ ಇರುತ್ತದೆ.

ಪ್ರಶ್ನೆ: ಆ ಕರಾವಳಿಯಲ್ಲಿ ಭಾರತಕ್ಕೆ ಸಂಬಂಧಿಸಿದ್ದು ಏನಾದರೂ ಇದೆಯಾ?
— ಇತಿಹಾಸ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇದೆ, ಐಲ್ ಆಫ್ ವೈಟ್ ದ್ವೀಪದ ಕೌಸ್‌ನಲ್ಲೇ. ದೋಣಿ ಕಟ್ಟಿ ನದಿ ದಾಟಿದರೆ ಪೂರ್ವ ಕೌಸ್, ಅಲ್ಲಿ ವಿಕ್ಟೋರಿಯಾ ರಾಣಿಯ ಆಸ್ಬರ್ನ್ ಹೌಸ್. ಅವಳು 1901ರ ಜನವರಿಯಲ್ಲಿ ಸತ್ತದ್ದೂ ಅಲ್ಲೇ. ಅದರೊಳಗಿನ ದರ್ಬಾರ್ ಕೋಣೆಯ ವಿನ್ಯಾಸಗಾರರಲ್ಲಿ ಮುಖ್ಯರು ಲಾಹೋರಿನಿಂದ ಬಂದ ಭಾಯಿ ರಾಮ್ ಸಿಂಗ್. ಬಿಳಿ ಗಾರೆಯಲ್ಲಿ ನವಿಲು, ಗಣೇಶ, ಜಾಲಂಧ್ರದ ಕುಸುರಿ. ರಾಣಿಗೆ ಹಿಂದೂಸ್ತಾನಿ ಕಲಿಸಿದ ಮುನ್ಷಿ ಅಬ್ದುಲ್ ಕರೀಮ್ ಚಿತ್ರವೂ ಆ ಅರಮನೆಯಲ್ಲಿದೆ. ಭಾರತದ ಚಕ್ರವರ್ತಿನಿ ಎನ್ನಿಸಿಕೊಂಡವಳು ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಕೋಣೆಯನ್ನೇ ತರಿಸಿಕೊಂಡಳು. ನೋಡಲು ಚೆಂದವೇ, ಆದರೆ ನನಗೆ ಪ್ರತಿ ಸಲವೂ ಸ್ವಲ್ಪ ಕಸಿವಿಸಿಯಾಗುತ್ತದೆ.

ಪ್ರಶ್ನೆ: ಹದಿಮೂರರ ಮಗನಿಗೆ ಕ್ರಿಕೆಟ್ ಬಿಟ್ಟು ಏನೂ ಬೇಡ. ದೋಣಿಯಲ್ಲಿ ಅವನನ್ನು ಹೇಗೆ ಸುಮ್ನೆ ಕೂರಿಸೋದು?
— ತಾಯಿ, ಹುಬ್ಬಳ್ಳಿ

ಉತ್ತರ: ಅವನಿಗೆ ಬ್ರಾಂಬಲ್ಸ್ ದಿಬ್ಬದ ಕಥೆ ಹೇಳಿ. ಸೋಲೆಂಟ್‌ನ ನಟ್ಟನಡುವೆ ನೀರಿನಡಿ ಒಂದು ಮರಳ ದಿಬ್ಬವಿದೆ. 2008ರಲ್ಲಿ ಕ್ವೀನ್ ಎಲಿಜಬೆತ್ 2 ಹಡಗು ತನ್ನ ಕೊನೆಯ ಸಲ ಸೌತಾಂಪ್ಟನ್ನಿಗೆ ಬರುವಾಗ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ವರ್ಷದ ದೊಡ್ಡ ಇಳಿತದ ದಿನ ಆ ದಿಬ್ಬ ಸ್ವಲ್ಪ ಹೊತ್ತು ನೀರಿನ ಮೇಲೆ ಬರುತ್ತದೆ. ಆಗ ಎರಡು ಸೇಲಿಂಗ್ ಕ್ಲಬ್‌ನವರು ಬಿಳಿ ಬಟ್ಟೆ ತೊಟ್ಟು ದೋಣಿಯಲ್ಲಿ ಹೋಗಿ ಅಲ್ಲಿ ಕ್ರಿಕೆಟ್ ಆಡುತ್ತಾರೆ. ಫೀಲ್ಡರ್‌ಗಳ ಕಾಲು ಮಂಡಿವರೆಗೂ ಕೆಸರಲ್ಲಿ. ಗೆಲ್ಲುವುದು ಯಾರು ಎಂಬುದಕ್ಕೆ ಸರದಿ ಇದೆ, ಈ ವರ್ಷ ಇವರು, ಬರುವ ವರ್ಷ ಅವರು. ಬೇಸಿಗೆಯ ಕೊನೆಯಲ್ಲಿ ಬಂದರೆ ತಾರೀಖು ವಿಚಾರಿಸಿಕೊಳ್ಳಿ, ನಮ್ಮ ದೋಣಿಯಲ್ಲಿ ಒಂದು ಸೀಟು ಖಾಲಿ ಇರುತ್ತದೆ. ಹಳೇ ಚಡ್ಡಿ ಹಾಕಿಸಿ ಕಳಿಸಿ.