ಎವ್ರಿಡೇ ಸೇರಿಸಿ ಬರೀಬೇಕಾ, ಬಿಡಿಸಿ ಬರೀಬೇಕಾ?

ಎವ್ರಿಡೇ, ಸಮ್‌ಟೈಮ್, ಎನಿಟೈಮ್ ಇವನ್ನ ಯಾವಾಗ ಒಂದೇ ಪದ ಮಾಡಬೇಕು, ಯಾವಾಗ ಎರಡು ಅಂತ ಪಟ್ಟಿ ಕೇಳಿದ್ದೀರಿ, ಬಾಯಿಪಾಠ ಮಾಡೋಕೆ. ನನಗೆ ಆ ಪಟ್ಟಿ ಬಾಯಿಪಾಠವೇ ಇತ್ತು. ಆದರೂ ಒಂದು ವರ್ಷದ ಅಡ್ಮಿಷನ್ ಕೈತಪ್ಪಿತು.

ಕೋಲಾರದ ಗಲ್‌ಪೇಟೆಯಲ್ಲಿ ಮನೆ ಮಹಡಿ ಮೇಲೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಶುರು ಮಾಡಿದ್ದೆ. ಬೇರೆ ಕಡೆ ವಾರಕ್ಕೆರಡು ಸಲ ಪಾಠ, ನಮ್ಮಲ್ಲಿ ದಿನಾ. ಜನಕ್ಕೆ ಹೇಳಬೇಕಿದ್ದದ್ದು ಅದೊಂದೇ. ಫ್ಲೆಕ್ಸ್ ಮೇಲೂ ಕರಪತ್ರದಲ್ಲೂ ‘ಎವ್ರಿಡೇ ಇಂಗ್ಲಿಷ್ ಕ್ಲಾಸಸ್’ ಅಂತ ದಪ್ಪಕ್ಷರದಲ್ಲಿ ಹಾಕಿಸಿದೆ. ನಾಮಪದಕ್ಕೆ ಮುಂಚೆ ಬಂದರೆ ಸೇರಿಸಿ ಬರೀಬೇಕು ಅನ್ನೋದು ನಿಯಮ, ಸೇರಿಸಿದೆ.

ಬಂದವರೆಲ್ಲ ನರಸಾಪುರದ ಫ್ಯಾಕ್ಟರಿಗಳಿಗೆ ಇಂಟರ್‌ವ್ಯೂಗೆ ಹೊರಟ ಡಿಪ್ಲೊಮಾ ಹುಡುಗರು. “ಸಾರ್, ಸ್ಪೋಕನ್ ಕೋರ್ಸು ಎಷ್ಟು ತಿಂಗಳು?” ಎಸ್ಸೆಸ್ಸೆಲ್ಸಿ ಮಕ್ಕಳು ಬೆರಳೆಣಿಕೆ. ಆಮೇಲೆ ನಮ್ಮ ಬೀದಿಯ ತಾಯೊಬ್ಬರು ಹೇಳಿದರು: “ಬೋರ್ಡ್ ನೋಡಿದ್ವಿ ಮೇಷ್ಟ್ರೇ. ನಮ್ಮ ಹುಡುಗನಿಗೆ ಬೇಕಿರೋದು ಪರೀಕ್ಷೆ ಇಂಗ್ಲಿಷು, ಮಾತಾಡೋದಲ್ಲ ಅಂತ ಬೇರೆ ಕಡೆ ಸೇರಿಸಿದ್ವಿ.”

ಅವರು ಓದಿದ್ದು ಸರಿಯಾಗೇ ಇತ್ತು. ಸೇರಿಸಿ ಬರೆದ ಎವ್ರಿಡೇ ಅಂದರೆ ದಿನಬಳಕೆಯ, ಮಾಮೂಲಿ. ಅದು ಪಕ್ಕದಲ್ಲಿರೋ ಇಂಗ್ಲಿಷ್‌ಗೆ ಅಂಟಿಕೊಂಡು ‘ದಿನಬಳಕೆಯ ಇಂಗ್ಲಿಷಿನ ಕ್ಲಾಸು’ ಆಯ್ತು. ನಾನು ಹೇಳಹೊರಟಿದ್ದು ಕ್ಲಾಸು ದಿನಾ ಇರುತ್ತೆ ಅಂತ. ಅಲ್ಲೇ ಇಟ್ಟು ನಡುವೆ ಜಾಗ ಬಿಟ್ಟಿದ್ದರೂ ಓದೋರಿಗೆ ಅನುಮಾನ ತಪ್ಪುತ್ತಿರಲಿಲ್ಲ. ಪದವನ್ನೇ ಕೊನೆಗೆ ತರಬೇಕಿತ್ತು: ‘ಇಂಗ್ಲಿಷ್ ಕ್ಲಾಸಸ್, ಎವ್ರಿ ಡೇ’. ನಿಯಮ ಪಾಲಿಸಿದ್ದೇನೆ ಅನ್ನೋ ಧೈರ್ಯದಲ್ಲಿ, ಓದೋರಿಗೆ ಏನು ಕಾಣುತ್ತೆ ಅಂತ ಒಂದು ಸಲವೂ ನೋಡಲಿಲ್ಲ.

ಹಾಗಾಗಿ ನಾನು ಪಟ್ಟಿ ಕೊಡೋದಿಲ್ಲ. ಮೊದಲು ಕನ್ನಡದಲ್ಲಿ ಅರ್ಥ ಹೇಳಿಕೊಳ್ಳಿ. ‘ದಿನಬಳಕೆಯ’ ಅಂತಾದರೆ ಸೇರಿಸಿ, ‘ಪ್ರತಿದಿನ’ ಅಂತಾದರೆ ಬಿಡಿಸಿ. ಪ್ರತಿದಿನವನ್ನ ನಾವು ಕನ್ನಡದಲ್ಲಿ ಸೇರಿಸಿಯೇ ಬರೀತೀವಲ್ಲ, ಆ ಅಭ್ಯಾಸಕ್ಕೆ ಇಂಗ್ಲಿಷಲ್ಲೂ ಕೈ ಸೇರಿಸಿಬಿಡುತ್ತೆ. ಅನುಮಾನ ಬಂದರೆ ನಡುವೆ ‘ಸಿಂಗಲ್’ ತೂರಿಸಿ ನೋಡಿ. ‘ಐ ವಾಕ್ ಎವ್ರಿ ಸಿಂಗಲ್ ಡೇ’ ಒಪ್ಪುತ್ತೆ, ಅಂದರೆ ಎರಡು ಪದ. ‘ಎವ್ರಿ ಸಿಂಗಲ್ ಡೇ ಶೂಸ್’ ಒಪ್ಪಲ್ಲ, ಅಂದರೆ ಒಂದೇ ಪದ.

ಸಮ್‌ಟೈಮ್ ಅಂದರೆ ಯಾವಾಗಲಾದರೂ ಒಮ್ಮೆ, ಬಿಡಿಸಿದ ಸಮ್ ಟೈಮ್ ಅಂದರೆ ಒಂದಿಷ್ಟು ಹೊತ್ತು, ಸಮ್‌ಟೈಮ್ಸ್ ಅಂದರೆ ಒಮ್ಮೊಮ್ಮೆ. ‘ಇಟ್ ವಿಲ್ ಟೇಕ್ ಸಮ್ ಟೈಮ್’ ಅನ್ನೋದನ್ನ ನಮ್ಮ ಮಕ್ಕಳು ಸೇರಿಸಿಯೇ ಬರೀತಾರೆ. ತಿದ್ದೀ ತಿದ್ದೀ ಕೆಂಪು ಪೆನ್ನು ಖಾಲಿಯಾಗುತ್ತೆ.

ಪಟ್ಟಿ ನಂಬಬೇಡಿ ಅನ್ನೋಕೆ ಇನ್ನೊಂದು ಕಾರಣ ಇದೆ. ಟುಡೇ ಅನ್ನೋದನ್ನೇ 20ನೇ ಶತಮಾನದ ಶುರುವಿನವರೆಗೂ ನಡುವೆ ಅಡ್ಡಗೆರೆ ಹಾಕಿ ‘ಟು-ಡೇ’ ಅಂತ ಬರೀತಿದ್ದರು. ಎನಿಟೈಮ್ ಈಗಲೂ ಊರಿಗೊಂದು ಥರ: ಅಮೆರಿಕದವರು ಸೇರಿಸ್ತಾರೆ, ಬ್ರಿಟಿಷರ ಹಳೇ ರೂಢಿ ಬಿಡಿಸೋದು. ಆದರೆ ಮುಂದೆ ‘ಅಟ್’ ಇದ್ದರೆ ಇಬ್ಬರೂ ಬಿಡಿಸ್ತಾರೆ, ‘ಅಟ್ ಎನಿ ಟೈಮ್’. ಪರೀಕ್ಷೆಗೆ ಓದುತ್ತಿದ್ದರೆ ‘ಅಟ್’ ಹಾಕಿಯೇ ಬರೀರಿ, ಯಾರೂ ಮಾರ್ಕ್ಸ್ ಕಡಿಯಲ್ಲ.